ಕುರ್ಚಿ ಕೊಡುವ ಮುನ್ನ ಅಳತೆ ಹಿಡಿಯಿರಿ

ಓದುಗರ ಪ್ರಶ್ನೆ, ಬಳಗದ ಉತ್ತರ

ಮಠ, ಚರ್ಚು, ದರ್ಗಾ, ದೇವಸ್ಥಾನಗಳು ಅಂಗವಿಕಲರಿಗಾಗಿ ನಡೆಸುವ ಸೇವೆ, ಅದಕ್ಕೆ ಹೊರದೇಶದಿಂದ ಬರುವ ನೆರವು, ಜಿನೀವಾದವರೆಗೂ ಹೋಗುವ ಹಕ್ಕಿನ ಮಾತು: ಈ ಸಲ ಬಂದ ಪತ್ರಗಳೆಲ್ಲ ಇದರ ಸುತ್ತಲೇ ಇವೆ. ಪುನರ್ವಸತಿ, ಕಾನೂನು, ಲೆಕ್ಕಪತ್ರ ಬಲ್ಲವರು ಒಟ್ಟಿಗೆ ಕೂತು ಉತ್ತರ ಬರೆದಿದ್ದಾರೆ. ಪತ್ರ ಬರೆದವರ ಹೆಸರು ತೆಗೆದು ಊರನ್ನಷ್ಟೇ ಉಳಿಸಿದ್ದೇವೆ.

ನಮ್ಮೂರ ಮಠದ ಜಾತ್ರೆಯಲ್ಲಿ 50 ಗಾಲಿಕುರ್ಚಿ ಹಂಚಲು ಭಕ್ತರು ಮುಂದೆ ಬಂದಿದ್ದಾರೆ. ವೇದಿಕೆಯ ಮೇಲೆ ಸ್ವಾಮಿಗಳ ಕೈಯಿಂದಲೇ ಕೊಡಿಸುವ ಯೋಚನೆ. ಏನೇನು ಜಾಗ್ರತೆ ಬೇಕು?
ಸೇವಾ ಸಮಿತಿ, ಹಾವೇರಿ ಜಿಲ್ಲೆ

ಮೊದಲು ಸಂಖ್ಯೆ ಇಳಿಸಿ. 50 ಕುರ್ಚಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ 30 ಕುರ್ಚಿ ಕೊಂಡು, ಉಳಿದದ್ದನ್ನು ಅಳತೆ, ದಿಂಬು, ತರಬೇತಿ, ರಿಪೇರಿಗೆ ಇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ಸೇವೆಗೆ ಎಂಟು ಹಂತ ಹೇಳಿತ್ತು. 2023ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದೆ: ಆರಿಸುವುದು, ಮೈಗೆ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ಹೋಗಿ ನೋಡುವುದು. ವೇದಿಕೆಯ ಮೇಲೆ ಕೊಟ್ಟು ಫೋಟೊ ತೆಗೆಸುವುದು ಎಂಟರಲ್ಲೂ ಇರಲಿಲ್ಲ, ನಾಲ್ಕರಲ್ಲೂ ಇಲ್ಲ.

ಸಗಟಿನಲ್ಲಿ ಸಿಗುವ ಮಡಚುವ ಕುರ್ಚಿ ಆಸ್ಪತ್ರೆಯ ವರಾಂಡಕ್ಕೆಂದು ಮಾಡಿದ್ದು. ರೋಗಿಯನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ಇನ್ನೊಬ್ಬರು ತಳ್ಳಿಕೊಂಡು ಹೋಗುವುದಕ್ಕೆ ಅದು ಸಾಕು. ದಿನಕ್ಕೆ ಎಂಟು ತಾಸು ಅದರಲ್ಲೇ ಕೂರುವವರಿಗೆ ಆಗದು. ಜಾತ್ರೆಗೆ ಎರಡು ತಿಂಗಳು ಮೊದಲೇ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ಊರಲ್ಲಿ ವಿಆರ್‌ಡಬ್ಲ್ಯೂ ಎಂದರೆ ಗೊತ್ತಾಗುತ್ತದೆ) ಕರೆದು ಪಟ್ಟಿ ಮಾಡಿಸಿ. ಅಳತೆಯನ್ನು ಫಿಸಿಯೋಥೆರಪಿಸ್ಟರೋ ಆ ತರಬೇತಿ ಪಡೆದವರೋ ಹಿಡಿಯಲಿ. ವ್ಯಕ್ತಿಯನ್ನು ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂರಿಸಿ, ಪಾದ ಊರಿಸಿ, ಈ ಅಳತೆಗಳನ್ನು ಬರೆದುಕೊಳ್ಳಬೇಕು:

ಸೊಂಟದ ಅತಿ ಅಗಲ ಎಷ್ಟೋ ಸೀಟಿನ ಅಗಲವೂ ಅಷ್ಟೇ. "ಮುಂದೆ ದಪ್ಪಗಾದರೆ ಇರಲಿ" ಎಂದು ದೊಡ್ಡದು ಕೊಟ್ಟರೆ ಮನುಷ್ಯ ಒಂದು ಕಡೆಗೆ ವಾಲುತ್ತಾನೆ, ಬೆನ್ನುಹುರಿ ಬಾಗುತ್ತದೆ, ಚಕ್ರದ ಬಳೆಗೆ ಕೈ ಸರಿಯಾಗಿ ಎಟಕುವುದಿಲ್ಲ. ಪೃಷ್ಠದ ಹಿಂಭಾಗದಿಂದ ಮಂಡಿಯ ಹಿಂಬದಿವರೆಗೆ ಅಳೆದು ಅದರಲ್ಲಿ 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಆಳ. ಇದು ಹೆಚ್ಚಾದರೆ ಮುಂದಕ್ಕೆ ಜಾರಿ ಬಾಲದ ಮೂಳೆಯ ಮೇಲೆ ಕೂರುತ್ತಾರೆ. ಹುಣ್ಣು ಅಲ್ಲಿಂದಲೇ ಶುರು. ಮಂಡಿಯ ಹಿಂಬದಿಯಿಂದ ಹಿಮ್ಮಡಿವರೆಗಿನ ಅಳತೆ ಕಾಲಿಡುವ ತಟ್ಟೆಗೆ. ಅದನ್ನು ದಿನಾ ಹಾಕುವ ಚಪ್ಪಲಿಯ ಸಮೇತ, ದಿಂಬಿನ ದಪ್ಪವನ್ನೂ ಲೆಕ್ಕ ಹಿಡಿದು ನೋಡಬೇಕು. ತಟ್ಟೆ ತೀರಾ ಮೇಲಿದ್ದರೆ ಭಾರವೆಲ್ಲ ಕೂರುವ ಮೂಳೆಗಳ ಮೇಲೆ ಬೀಳುತ್ತದೆ.

ಬೆನ್ನುಹುರಿ ಪೆಟ್ಟಾಗಿ ಸ್ಪರ್ಶ ಗೊತ್ತಾಗದವರನ್ನು ಬರೀ ರೆಕ್ಸಿನ್ ಸೀಟಿನ ಮೇಲೆ ಕೂರಿಸಬಾರದು, ಒಂದು ದಿನವೂ ಕೂಡದು. ಒತ್ತಡ ಹಂಚುವ ದಿಂಬು ಬೇಕು. ದಿಂಬು ಸತ್ತಿದೆಯೇ ಎಂದು ತಿಳಿಯಲು ಅವರು ಕೂತಿರುವಾಗ ಕೂರುವ ಮೂಳೆಯ ಅಡಿ ಬೆರಳು ತೂರಿಸಿ ನೋಡಿ. ಬೆರಳು ಅಲ್ಲಾಡದಂತೆ ಮೂಳೆ ಒತ್ತುತ್ತಿದ್ದರೆ ಆ ದಿಂಬು ಬದಲಾಗಬೇಕು. ಅರ್ಧ ಗಂಟೆಗೊಮ್ಮೆಯಾದರೂ ಮುಂದಕ್ಕೋ ಪಕ್ಕಕ್ಕೋ ಬಾಗಿ ಭಾರ ಇಳಿಸುವುದನ್ನು ಕಲಿಸಿ. ಮಲಗುವ ಮುನ್ನ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಒತ್ತಿದರೂ ಕೆಂಪು ಮಾಯವಾಗದ ಕಲೆ ಕಂಡರೆ ಅದು ವಾಸಿಯಾಗುವವರೆಗೆ ಆ ಜಾಗದ ಮೇಲೆ ಕೂರುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಹಳ್ಳಿಯ ದಾರಿಗೆ ಸಣ್ಣ ಗಟ್ಟಿ ಮುಂಗಾಲಿ ಬೇಡ, ಮಣ್ಣಿನಲ್ಲಿ ಹೂತು ಕುರ್ಚಿ ಮುಗ್ಗರಿಸುತ್ತದೆ. ಹಿಂದಿನ ಚಕ್ರಕ್ಕೆ ಸೈಕಲ್ ಅಂಗಡಿಯಲ್ಲಿ ಸಿಗುವ ಅಳತೆಯ ಗಾಳಿ ಟೈರೇ ಇರಲಿ, ಪಂಕ್ಚರ್ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಒಂದು ಮಾತು ಎಲ್ಲರಿಗೂ ಹೇಳಿ: ಬ್ರೇಕು ಒತ್ತುವುದು ಟೈರನ್ನು, ಹಾಗಾಗಿ ಗಾಳಿ ಇಳಿದರೆ ಬ್ರೇಕೂ ಹಿಡಿಯುವುದಿಲ್ಲ. ಮಕ್ಕಳ ಅಳತೆಯನ್ನು ಆರು ತಿಂಗಳಿಗೊಮ್ಮೆ ಮತ್ತೆ ಹಿಡಿಯಿರಿ. ಸ್ವಾಮಿಗಳು ಆಶೀರ್ವಾದ ಮಾಡಲಿ, ಬೇಡ ಎನ್ನುವವರಾರು? ಆದರೆ ಅದು ಫಿಟ್ಟಿಂಗ್ ಮುಗಿದ ಮೇಲೆ ಇರಲಿ, ವೇದಿಕೆಗೆ ಇಳಿಜಾರು ದಾರಿಯೂ ಇರಲಿ. ನಾಲ್ಕು ಜನ ಹೊತ್ತು ಹತ್ತಿಸಿ ಗಾಲಿಕುರ್ಚಿ ಕೊಡುವ ದೃಶ್ಯ ಸಾಕಾಗಿದೆ.

ನಮ್ಮ ಚರ್ಚಿನ ಅಂಧಶಾಲೆಗೆ ಯುರೋಪಿನ ಕ್ರೈಸ್ತ ಸಂಸ್ಥೆಯೊಂದು ವರ್ಷಗಟ್ಟಲೆ ನೆರವು ಕೊಟ್ಟಿತು. ಈಗ "ಹಾಸ್ಟೆಲಿಗೆ ಕೊಡುವುದಿಲ್ಲ, ಸಮುದಾಯ ಕೆಲಸಕ್ಕೆ ಮತ್ತು ಅಡ್ವೊಕೆಸಿಗೆ ಕೊಡುತ್ತೇವೆ" ಎನ್ನುತ್ತಾರೆ. ಇದೇನು ಬದಲಾವಣೆ? ಸೇವೆ ಬಿಟ್ಟು ಭಾಷಣ ಹಿಡಿದರೇ?
ಆಡಳಿತ ಮಂಡಳಿ ಸದಸ್ಯರು, ಮಂಗಳೂರು

ನಿಮ್ಮ ಕಸಿವಿಸಿ ಅರ್ಥವಾಗುತ್ತದೆ. ಆದರೆ ಈ ತಿರುವಿಗೆ ನೂರು ವರ್ಷದ ಹಿನ್ನೆಲೆ ಇದೆ. ಜರ್ಮನಿಯ ಪಾದ್ರಿ ಅರ್ನ್ಸ್ಟ್ ಯಾಕೋಬ್ ಕ್ರಿಸ್ಟಫೆಲ್ 1908ರಲ್ಲಿ ಟರ್ಕಿಯ ಮಲಾತ್ಯದಲ್ಲಿ ಅಂಧರಿಗೂ ಅನಾಥರಿಗೂ ಒಂದು ಮನೆ ತೆರೆದರು. 1955ರಲ್ಲಿ ಅವರು ತೀರಿಕೊಂಡದ್ದು ಇರಾನಿನ ಇಸ್ಫಹಾನಿನಲ್ಲಿ. ಆ ಮನೆಯಿಂದ ಬೆಳೆದದ್ದೇ ಹಲವು ದೇಶಗಳಲ್ಲಿ ಅಂಗವಿಕಲರಿಗಾಗಿ ದುಡಿಯುವ ಇಂದಿನ ಕ್ರೈಸ್ತ ಸಂಸ್ಥೆ ಸಿಬಿಎಂ. ಹಾಗೆಯೇ 1874ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ವೆಲ್ಲೆಸ್ಲಿ ಬೇಯ್ಲಿ ಶುರುಮಾಡಿದ್ದು ಲೆಪ್ರಸಿ ಮಿಷನ್. ನಿಮ್ಮೂರಲ್ಲೇ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳ ಆಶ್ರಯ ತೆರೆದರಲ್ಲ, ಅದೂ ಇದೇ ಕಾಲದ, ಇದೇ ಮನಸ್ಸಿನ ಕೆಲಸ. ಆಗ ಮನೆಯವರೇ ಹೊರಹಾಕಿದವರಿಗೆ ಸೂರು ಸಿಕ್ಕಿದ್ದು ಅಲ್ಲಿ.

ತೊಡಕು ಎಲ್ಲಿ ಬಂತೆಂದರೆ, ಹಾಸ್ಟೆಲಿನಲ್ಲಿ ನೂರು ಮಕ್ಕಳಿಗೆ ಜಾಗವಿದ್ದರೆ ಜಿಲ್ಲೆಯ ಉಳಿದವರು ಮನೆಯ ಮೂಲೆಯಲ್ಲೇ ಉಳಿದರು. ಒಳಗಿದ್ದ ಮಗು ಹತ್ತು ವರ್ಷ ಓದಿ ಊರಿಗೆ ಹೋದರೆ ಊರು ಅದನ್ನು ಗುರುತಿಸಲಿಲ್ಲ. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕೆಂದ 1978ರ ಅಲ್ಮಾ ಆಟಾ ಘೋಷಣೆಯ ನಂತರ ಸಮುದಾಯ ಆಧಾರಿತ ಪುನರ್ವಸತಿ, ಅಂದರೆ ಸಿಬಿಆರ್, ಬೆಳೆದದ್ದು ಈ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಸಿಬಿಆರ್ ಮಾರ್ಗಸೂಚಿಯಲ್ಲಿ ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಎಂಬ ಐದು ಕಂಬ, ಒಂದೊಂದರ ಕೆಳಗೆ ಐದೈದು ಅಂಶ, ಒಟ್ಟು 25 ಚೌಕದ ಪಟ್ಟಿ ಇದೆ. ನಿಮ್ಮ ಸಂಸ್ಥೆ ಯಾವ ಚೌಕ ತುಂಬುತ್ತಿದೆ, ಯಾವುದು ಖಾಲಿ ಎಂದು ಅದರ ಮೇಲೆ ಗುರುತು ಹಾಕಿ ನೋಡಿ. ಎಲ್ಲ 25ನ್ನೂ ಒಬ್ಬರೇ ತುಂಬಬೇಕಿಲ್ಲ. ಸರ್ಕಾರಿ ಆಸ್ಪತ್ರೆ, ಬ್ಯಾಂಕು, ಸ್ತ್ರೀಶಕ್ತಿ ಗುಂಪು ತುಂಬುವಂತೆ ಮಾಡುವುದೂ ಕೆಲಸವೇ.

ಅಡ್ವೊಕೆಸಿ ಎಂದರೆ ಭಾಷಣ ಅಂತ ಕೆಲವರು ತಿಳಿದಿರುವುದು ನಿಜ, ಕೆಲವು ಸಂಸ್ಥೆಗಳು ಹಾಗೆ ಮಾಡಿಯೂ ತೋರಿಸಿವೆ. ಅಸಲಿಗೆ ಅದು ಹಕ್ಕೊತ್ತಾಯ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ 2002ರಿಂದ 2006ರವರೆಗೆ ಎಂಟು ಸುತ್ತು ಮಾತುಕತೆ ನಡೆದು, 2006ರ ಡಿಸೆಂಬರ್ 13ರಂದು ಒಡಂಬಡಿಕೆ ಅಂಗೀಕಾರವಾಯಿತು. ಅಂಗವಿಕಲರ ಸಂಘಟನೆಗಳೇ ಮೇಜಿನ ಮುಂದೆ ಕೂತು "ನಮ್ಮನ್ನು ಹೊರಗಿಟ್ಟು ನಮ್ಮ ವಿಷಯ ತೀರ್ಮಾನಿಸಬೇಡಿ" ಎಂದರು. ಚರ್ಚುಗಳ ಒಳಗೂ ಅದೇ ದನಿ ಎದ್ದಿತ್ತು. ವಿಶ್ವ ಚರ್ಚುಗಳ ಮಂಡಳಿಯ ಅಂಗವಿಕಲರ ಜಾಲ ಹುಟ್ಟಿದ್ದು 1998ರ ಹರಾರೆ ಮಹಾಸಭೆಯಲ್ಲಿ. 2003ರಲ್ಲಿ ಮಂಡಳಿ ಹೊರತಂದ ಹೇಳಿಕೆ, ಅಂಗವಿಕಲರು ಚರ್ಚಿನ ದಯೆಗೆ ಪಾತ್ರರಾಗುವ ಹೊರಗಿನವರಲ್ಲ, ಚರ್ಚಿನ ಅಂಗವೇ ಹೌದು ಎಂಬ ನಿಲುವಿನದು. ಆದ್ದರಿಂದ ದಾನಿಗಳು ಈಗ ಕೇಳುವ ಮೊದಲ ಪ್ರಶ್ನೆ: ನಿಮ್ಮ ಆಡಳಿತ ಮಂಡಳಿಯಲ್ಲಿ ಅಂಗವಿಕಲರು ಎಷ್ಟು ಜನ? ಇದಕ್ಕೆ ಉತ್ತರ ತಯಾರಿಟ್ಟುಕೊಂಡೇ ಕಡತ ಬರೆಯಿರಿ.

ಹಾಗೆಂದು ಶಾಲೆಗೆ ಬೀಗ ಹಾಕಬೇಡಿ. ಒಡಂಬಡಿಕೆಯ 24ನೇ ವಿಧಿ ಎಲ್ಲರೊಡನೆ ಕಲಿಯುವ ಹಕ್ಕನ್ನೇನೋ ಹೇಳುತ್ತದೆ. ಆದರೆ ಅಂಧ, ಕಿವುಡ, ಅಂಧ-ಕಿವುಡ ಮಕ್ಕಳಿಗೆ ಅವರವರ ಲಿಪಿಯಲ್ಲಿ, ಸಂಜ್ಞಾಭಾಷೆಯಲ್ಲಿ ಕಲಿಯುವ ವಾತಾವರಣ ಬೇಕೆಂದೂ ಅದೇ ವಿಧಿ ಹೇಳುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರು. ಅಲ್ಲಿ ಕಲಿಸುವವರು, ನಡೆಸುವವರು, ಕಲಿಯುವವರು ಒಂದೇ ಅನುಭವದವರು. ಹಕ್ಕಿನ ಪರಿಭಾಷೆ ಬರುವ ಎಷ್ಟೋ ಮೊದಲೇ ಅಲ್ಲಿ ಅಂಧರ ಕೈಗೆ ಕಸುಬು ಬಂದಿತ್ತು. ನಿಮ್ಮ ಶಾಲೆಯ ಬ್ರೈಲ್ ಶಿಕ್ಷಕರನ್ನು ವಾರಕ್ಕೆ ಎರಡು ದಿನ ಸುತ್ತಲಿನ ಸಾಮಾನ್ಯ ಶಾಲೆಗಳಿಗೆ ಕಳಿಸಿ. ಹಾಸ್ಟೆಲನ್ನು ಎರಡು-ಮೂರು ತಿಂಗಳ ತರಬೇತಿ ಶಿಬಿರಗಳಿಗೆ ತೆರೆಯಿರಿ. ಇಂಥ ಯೋಜನೆಗೆ ದಾನಿಗಳು ಹೂಂ ಎನ್ನುವ ಸಂಭವ ಹೆಚ್ಚು.

ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಸಿಗದ ಸ್ಥಿತಿ). ಧಾರ್ಮಿಕ ಟ್ರಸ್ಟ್ ನಡೆಸುವ, ಸರ್ಕಾರದ ಮಾನ್ಯತೆಯಿರುವ ಶಾಲೆ "ನಮ್ಮಲ್ಲಿ ವ್ಯವಸ್ಥೆ ಇಲ್ಲ" ಎಂದು ವಾಪಸ್ ಕಳಿಸಿತು. ವಿಶ್ವಸಂಸ್ಥೆಗೆ ದೂರು ಬರೆಯಬಹುದಂತೆ, ಹೌದೇ?
ತಂದೆ, ತುಮಕೂರು

ಬರೆದರೂ ಪ್ರಯೋಜನವಿಲ್ಲ. ಭಾರತ ಒಡಂಬಡಿಕೆಯನ್ನು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿದೆ. ಆದರೆ ವ್ಯಕ್ತಿಗಳು ನೇರವಾಗಿ ದೂರು ಕೊಡಲು ದಾರಿ ಮಾಡುವ ಐಚ್ಛಿಕ ಒಪ್ಪಂದಕ್ಕೆ ಸೇರಿಲ್ಲ. ಒಡಂಬಡಿಕೆಯ ಪಾಲನೆ ನೋಡುವ ವಿಶ್ವಸಂಸ್ಥೆಯ ಜಿನೀವಾದ ಸಮಿತಿ ದೇಶದ ಒಟ್ಟು ಸ್ಥಿತಿಯನ್ನು ಪರಿಶೀಲಿಸುತ್ತದೆ. ಭಾರತದ ಮೊದಲ ಪರಿಶೀಲನೆ ನಡೆದದ್ದು 2019ರ ಸೆಪ್ಟೆಂಬರಿನಲ್ಲಿ. ಅಂಥ ಹೊತ್ತಿಗೆ ಸಂಘಟನೆಗಳು ಕೊಡುವ ಪರ್ಯಾಯ ವರದಿಯಲ್ಲಿ ನಿಮ್ಮ ಪ್ರಕರಣ ಒಂದು ಉದಾಹರಣೆಯಾಗಬಹುದು. ಮಗಳಿಗೆ ಸೀಟು ಅದರಿಂದ ಸಿಗದು.

ಸೀಟು ಸಿಗುವ ದಾರಿ ಇಲ್ಲೇ ಇದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ 16ನೇ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಯಾರು ನಡೆಸುತ್ತಾರೆ, ಯಾವ ಧರ್ಮದವರು ಎಂಬುದು ಇಲ್ಲಿ ಬರುವುದಿಲ್ಲ. ಪ್ರಮಾಣಪತ್ರದಲ್ಲಿ ನ್ಯೂನತೆ ಶೇ. 40 ಅಥವಾ ಹೆಚ್ಚಿದ್ದರೆ 31ನೇ ಕಲಮಿನಡಿ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಇಲ್ಲವೇ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣವೂ ಹಕ್ಕು.

ಬಾಯಿಮಾತಿನ ನಿರಾಕರಣೆಯನ್ನು ಕಾಗದಕ್ಕೆ ತನ್ನಿ. ಇದೊಂದನ್ನು ಮಾಡದೆ ಸೋತ ದೂರುಗಳೇ ಹೆಚ್ಚು. ಪ್ರವೇಶ ಕೋರಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಮಗಳಿಗೆ ಬೇಕಾದದ್ದನ್ನು ಎಣಿಸಿ ಬರೆಯಿರಿ: ನೆಲಮಹಡಿಯ ತರಗತಿ, ತೋಳಿರುವ ಕುರ್ಚಿ, ಬರೆಯಲು ಹೆಚ್ಚು ಸಮಯ, ಶೌಚಕ್ಕೆ ಆಯಾ. "ವ್ಯವಸ್ಥೆ ಇಲ್ಲ" ಎಂಬ ನೆಪ ಆಗ ತೆಳುವಾಗುತ್ತದೆ. 15 ದಿನ ಕಾದು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ. ಬಿಳಿ ಹಾಳೆ ಸಾಕು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಅರ್ಜಿ, ಅಂಚೆ ರಸೀದಿಗಳ ಪ್ರತಿ ಲಗತ್ತಿಸಿ, ದಿನಾಂಕವಾರು ಘಟನೆ ಬರೆಯಿರಿ. ಆಯುಕ್ತರಿಗೆ ಸಮನ್ಸ್ ಕಳಿಸುವ, ದಾಖಲೆ ತರಿಸುವ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ತಿಳಿಸಬೇಕು.

ದೇವಸ್ಥಾನಕ್ಕೆ ಇಳಿಜಾರು ದಾರಿ ಮಾಡಿಸಬೇಕೆಂದಿದ್ದೇವೆ. ಮುಂದೆ ಮೂರು ಮೆಟ್ಟಿಲು, ಬಾಗಿಲಿಗೆ ಎತ್ತರದ ಹೊಸ್ತಿಲು. ಗಾಲಿಕುರ್ಚಿ ಒಳಗೆ ಬಂದರೆ ಮೈಲಿಗೆ ಎಂದು ಹಿರಿಯರ ತಕರಾರು.
ಧರ್ಮದರ್ಶಿಗಳು, ಹಾಸನ ಜಿಲ್ಲೆ

ಎತ್ತರದ ಹನ್ನೆರಡು ಪಟ್ಟು ಉದ್ದ, ಇದು ಸೂತ್ರ. ಮೆಟ್ಟಿಲು 15 ಸೆಂ.ಮೀ.ನಂತೆ ಮೂರಾದರೆ 45 ಸೆಂ.ಮೀ.; ಇಳಿಜಾರು 5.4 ಮೀಟರ್ ಬೇಕು. ಗಾರೆಯವರು "ಇಷ್ಟುದ್ದ ಯಾಕೆ, ಎರಡು ಮೀಟರಿನಲ್ಲಿ ಮುಗಿಸೋಣ" ಎನ್ನುತ್ತಾರೆ. ಆಗುವುದು ಬೈಕ್ ಹತ್ತಿಸುವ ದಾರಿ, ಅದರಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಸಾಲದಿದ್ದರೆ ಮಧ್ಯೆ ಒಂದೂವರೆ ಮೀಟರ್ ಚೌಕದ ಸಮತಟ್ಟು ಕೊಟ್ಟು ತಿರುಗಿಸಿ. ಅಗಲ ಕನಿಷ್ಠ 120 ಸೆಂ.ಮೀ., ಎರಡೂ ಕಡೆ 76 ಮತ್ತು 90 ಸೆಂ.ಮೀ. ಎತ್ತರದಲ್ಲಿ ಕೈಕಂಬಿ, ಚಕ್ರ ಜಾರದಂತೆ ಅಂಚುಗಟ್ಟೆ. ಕೈಕಂಬಿ ಇಳಿಜಾರಿನ ಎರಡೂ ತುದಿಯಿಂದ 30 ಸೆಂ.ಮೀ. ಮುಂದೆ ಚಾಚಿರಲಿ. ದೃಷ್ಟಿ ಇಲ್ಲದವರಿಗೆ ದಾರಿ ಮುಗಿಯಿತೆಂದು ಗೊತ್ತಾಗುವುದು ಅದರಿಂದಲೇ.

ಪಾಲಿಶ್ ಗ್ರಾನೈಟ್ ಹಾಕಲೇಬೇಡಿ. ಅಭಿಷೇಕದ ನೀರು, ಎಣ್ಣೆ ಬಿದ್ದರೆ ಊರುಗೋಲಿನವರಿಗೆ ಅದು ಬಲೆ. ಒರಟು ಮೇಲ್ಮೈಯ ಕಲ್ಲು ಹಾಕಿ, ನೀರು ಪಕ್ಕಕ್ಕೆ ಹರಿಯುವಂತೆ ಮಾಡಿ. ಹೊಸ್ತಿಲನ್ನು ಕೀಳುವುದು ಬೇಡ. ಎರಡೂ ಬದಿಗೆ ಇಟ್ಟು ತೆಗೆಯುವ ಮರದ ಬೆಣೆಹಲಗೆ, ಅಡಿಗೆ ರಬ್ಬರ್ ಹಾಕಿದ್ದು, ಸಾಕು. ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾವೇ ಹೇಳುತ್ತೇವೆ. ಕುಷ್ಠ, ಸಕ್ಕರೆ ಕಾಯಿಲೆ, ಬೆನ್ನುಹುರಿ ಪೆಟ್ಟಿನಿಂದ ಪಾದದ ಸ್ಪರ್ಶ ಹೋದವರು ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಗೊತ್ತಾಗದೆಯೇ ಪಾದ ಸುಟ್ಟು ಹುಣ್ಣಾಗುತ್ತದೆ. ದಪ್ಪ ಕಾಲುಚೀಲಕ್ಕೆ ಅನುಮತಿಯಿದೆ ಎಂದು ಬೋರ್ಡು ಹಾಕಿ.

ಮೈಲಿಗೆಯ ಮಾತಿಗೆ ಸುಲಭ ದಾರಿ: ಒಳಗಿನ ಬಳಕೆಗೆ ದೇವಸ್ಥಾನದ್ದೇ ಎರಡು ಕುರ್ಚಿ ಇಡಿ. ಆದರೆ ಸ್ವಂತ ಕುರ್ಚಿಯಿಂದ ಇಳಿಯಲಾಗದವರನ್ನು ಇಳಿಸಬೇಡಿ. ಅದು ಅವರ ಮೈಗೆ ತಕ್ಕಂತೆ ಮಾಡಿದ್ದು, ಅವರಿಗೆ ಅದೇ ಕಾಲು. ಬಾಗಿಲಲ್ಲಿ ಚಕ್ರ ತೊಳೆದು ಒರೆಸಿ ಬಿಡಿ, ಎಲ್ಲರೂ ಕಾಲು ತೊಳೆದೇ ಬರುವುದಲ್ಲವೇ? ತಕರಾರು ಮುಗಿಯದಿದ್ದರೆ ಕಾನೂನು ತೋರಿಸಿ. 2016ರ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡದ ವ್ಯಾಖ್ಯೆಯೊಳಗೆ ಧಾರ್ಮಿಕ ಚಟುವಟಿಕೆಯ ಕಟ್ಟಡವೂ ಸೇರಿದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಪ್ರವೇಶಸಾಧ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿದೆ.

ಅಮೆರಿಕದಲ್ಲಿರುವ ನಮ್ಮೂರ ಹುಡುಗರು, ಅಲ್ಲಿನ ಕನ್ನಡ ಸಂಘ ಎಲ್ಲ ಸೇರಿ ನಮ್ಮ ವಿಶೇಷ ಮಕ್ಕಳ ಶಾಲೆಗೆ ಹಣ ಕಳಿಸುತ್ತೇವೆ ಎನ್ನುತ್ತಾರೆ. ನಮ್ಮದು ಎರಡು ವರ್ಷದ ಟ್ರಸ್ಟ್. ಸದ್ಯಕ್ಕೆ ನನ್ನ ಖಾತೆಗೆ ಹಾಕಿಸಿಕೊಳ್ಳಲೇ?
ಕಾರ್ಯದರ್ಶಿ, ಧಾರವಾಡ

ಖಂಡಿತ ಬೇಡ. ಸಂಬಂಧಿಕರಿಂದ ಬರುವ ಹಣಕ್ಕೆ ಇರುವ ವಿನಾಯಿತಿ ನಿಮ್ಮ ಮನೆ ಖರ್ಚಿಗೆ. ಅದನ್ನು ಟ್ರಸ್ಟಿಗೆ ತಿರುಗಿಸಿದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಮೀರಿದಂತೆ.

ದಾನಿಗಳನ್ನು ಮೊದಲು ಬೇರ್ಪಡಿಸಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸದು. ಪಾಸ್‌ಪೋರ್ಟ್ ಪ್ರತಿ ಮತ್ತು ಸ್ವಂತ ಹಣವೆಂಬ ಪತ್ರ ತರಿಸಿ ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ವಿದೇಶಿ ಮೂಲವೇ. ಅಲ್ಲಿ ನೋಂದಾಯಿತ ಸಂಘವಂತೂ ಸದಸ್ಯರೆಲ್ಲ ಭಾರತೀಯರಾದರೂ ವಿದೇಶಿ ಸಂಸ್ಥೆ. ಹೆಚ್ಚಿನ ಕಡೆ ಎಡವುವುದು ಇಲ್ಲಿ: ಒಳ್ಳೆಯ ಮನಸ್ಸಿನಿಂದ ಎಲ್ಲರ ದುಡ್ಡನ್ನೂ ಸಂಘದ ಖಾತೆಗೆ ಸೇರಿಸಿ ಒಟ್ಟಿಗೆ ಕಳಿಸಿಬಿಡುತ್ತಾರೆ.

ವಿದೇಶಿ ಮೂಲದ ಹಣ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ಪೂರ್ಣ ನೋಂದಣಿಗೆ ಟ್ರಸ್ಟಿಗೆ ಮೂರು ವರ್ಷ ತುಂಬಿರಬೇಕು, ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಮುಖ್ಯ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂ. ಖರ್ಚಾಗಿರಬೇಕು. ನಿಮಗೆ ಉಳಿದಿರುವುದು ಪೂರ್ವಾನುಮತಿಯ ದಾರಿ: ಇಂಥ ದಾನಿ, ಇಷ್ಟು ಮೊತ್ತ, ಇಂಥ ಕೆಲಸ ಎಂದು ದಾನಿಯ ಬದ್ಧತಾ ಪತ್ರದೊಡನೆ ಎಫ್‌ಸಿ-3ಬಿ ಅರ್ಜಿ. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಣಿ, ಪದಾಧಿಕಾರಿಗಳ ಆಧಾರ್, ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಎಫ್‌ಸಿಆರ್‌ಎ ಖಾತೆ ಕಡ್ಡಾಯ. ಹಣ ಮೊದಲು ಅಲ್ಲಿಗೇ ಇಳಿಯಬೇಕು. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಎಫ್‌ಸಿ-4 ಲೆಕ್ಕ ಪ್ರತಿ ವರ್ಷ ಡಿಸೆಂಬರ್ 31ರೊಳಗೆ.

ಅವರು ಹಳೆಯ ಗಾಲಿಕುರ್ಚಿ, ಶ್ರವಣಸಾಧನಗಳನ್ನು ಕಂಟೇನರಿನಲ್ಲಿ ಕಳಿಸುತ್ತೇವೆ ಎಂದರೂ ಇದೇ ಕಾಯ್ದೆ. ವಸ್ತುವೂ ವಂತಿಗೆಯೇ. ಮೇಲಾಗಿ ಅಲ್ಲಿನ ಟೈರು, ಬೇರಿಂಗು ಇಲ್ಲಿ ಸಿಗದೆ ಆ ಕುರ್ಚಿಗಳು ವರ್ಷದೊಳಗೆ ಶೆಡ್ಡು ಸೇರುತ್ತವೆ. ನಯವಾಗಿ ಬೇಡವೆನ್ನಿ.

ಹುಟ್ಟಿದ ಮಗುವಿನ ಎರಡೂ ಪಾದ ಒಳಕ್ಕೆ ತಿರುಗಿವೆ. ಗ್ರಹಣದ ದಿನ ಸೊಸೆ ಹೊರಗೆ ಬಂದದ್ದಕ್ಕೆ ಹೀಗಾಯ್ತು, ಶಾಂತಿ ಮಾಡಿಸಿ ಎನ್ನುತ್ತಾರೆ.
ಅಜ್ಜಿ, ಯಾದಗಿರಿ ಜಿಲ್ಲೆ

ಅಮ್ಮಾ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಸೊಸೆಯ ತಪ್ಪು ಏನೇನೂ ಇಲ್ಲ. ಶಾಂತಿ ಮಾಡಿಸುವುದು ನಿಮ್ಮ ಇಷ್ಟ, ಆದರೆ ಅದಕ್ಕಾಗಿ ಒಂದು ವಾರವನ್ನೂ ಕಳೆಯಬೇಡಿ. ಜಿಲ್ಲಾ ಆಸ್ಪತ್ರೆಗೆ ಹೋಗಿ ಮೂಳೆ ವೈದ್ಯರಿಗೆ ತೋರಿಸಿ "ಪೊನ್ಸೆಟಿ ಪ್ಲಾಸ್ಟರ್" ಎಂದು ಕೇಳಿ. ಪಾದವನ್ನು ಮೆಲ್ಲಗೆ ತಿರುಗಿಸಿ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬದಲಿಸುತ್ತ ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರಿಗೆ ಪಾದ ನೇರವಾಗುತ್ತದೆ. ಬಹಳ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ನರಕ್ಕೆ (ಅದು ಸ್ನಾಯುರಜ್ಜು) ಒಂದು ಸಣ್ಣ ಕೊಯ್ತ ಬೇಕಾಗುತ್ತದೆ, ಹೆದರಬೇಡಿ.

ಕೆಡುವುದು ಆಮೇಲೆ. ಕಡ್ಡಿಗೆ ಸೇರಿಸಿದ ಜೋಡಿ ಬೂಟನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ತಾಸು, ನಂತರ ನಾಲ್ಕೈದು ವರ್ಷದವರೆಗೆ ನಿದ್ದೆಯ ಹೊತ್ತು ಹಾಕಬೇಕು. ಮಗು ಅಳುತ್ತದೆ, ನೋಡುವವರು ಅಯ್ಯೋ ಪಾಪ ಎನ್ನುತ್ತಾರೆ, ಅಜ್ಜಿಯರೇ ಬಿಚ್ಚಿಬಿಡುತ್ತಾರೆ. ಪಾದ ಮತ್ತೆ ತಿರುಗುವುದು ಆಗಲೇ. ಪ್ಲಾಸ್ಟರ್ ಇರುವಾಗ ಬೆರಳು ನೀಲಿಯಾದರೆ, ಒಳಕ್ಕೆ ಜಾರಿ ಕಾಣದಾದರೆ ಅವತ್ತೇ ಆಸ್ಪತ್ರೆಗೆ ಬನ್ನಿ. ಅಮೆರಿಕದ ಕ್ರೈಸ್ತ ಸೇವಾಸಂಸ್ಥೆ ಕ್ಯೂರ್ ಇಂಟರ್‌ನ್ಯಾಷನಲ್ ಹಲವು ದೇಶಗಳಲ್ಲಿ ಈ ಚಿಕಿತ್ಸೆಯನ್ನು ಹರಡಿದ್ದು ಇದೇ ಕಾರಣಕ್ಕೆ: ಖರ್ಚು ಕಡಿಮೆ, ದೊಡ್ಡ ಆಪರೇಷನ್ ಬೇಡ, ಮಗು ನಡೆಯುತ್ತದೆ.

ಮಗನಿಗೆ 34, ಬೌದ್ಧಿಕ ನ್ಯೂನತೆ. ನನಗೆ 68. ನನ್ನ ನಂತರ ಯಾರು? ಒಂದು ಧಾರ್ಮಿಕ ಸಂಸ್ಥೆಯ ವಸತಿ ಮನೆಗೆ ಸೇರಿಸಲು ಹೇಳುತ್ತಿದ್ದಾರೆ.
ತಾಯಿ, ಮೈಸೂರು

ಎರಡು ಕೆಲಸ ಬೇರೆ ಬೇರೆ: ಕಾನೂನಿನ ಪೋಷಕತ್ವ, ಇರುವ ಮನೆ. ಪೋಷಕತ್ವಕ್ಕೆ ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ. ನಿಮ್ಮ ಜೊತೆಗೇ ಕಿರಿಯ ವಯಸ್ಸಿನ ಒಬ್ಬರನ್ನು ಈಗಲೇ ಯೋಚಿಸಿಡಿ. ನೇಮಕವಾದವರು ಆರು ತಿಂಗಳೊಳಗೆ ಮಗನ ಆಸ್ತಿಪಟ್ಟಿ, ಆಮೇಲೆ ವರ್ಷವರ್ಷ ಲೆಕ್ಕ ಕೊಡಬೇಕು. ಸಂಬಂಧಿಕರಿಗೆ ಇದನ್ನು ಮೊದಲೇ ಹೇಳಿ, ಆಮೇಲೆ ಮುನಿಸು ಬೇಡ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ಸೇರಿಸಿ, ವರ್ಷಕ್ಕೆ 1 ಲಕ್ಷ ರೂ.ವರೆಗೆ ಸಿಗುತ್ತದೆ. ಮಗ ತಾನೇ ನಿರ್ಧರಿಸಬಲ್ಲ ವಿಷಯಗಳನ್ನು, ಯಾವ ಅಂಗಿ, ಯಾವ ಕೆಲಸ, ಯಾರ ಸ್ನೇಹ, ಪೋಷಕರ ಕೈಗೆ ಕೊಡಬೇಡಿ.

ಮನೆ ನೋಡಲು ಹೋದಾಗ ಪ್ರಾರ್ಥನಾ ಮಂದಿರ ತೋರಿಸುತ್ತಾರೆ. ನೀವು ಮಲಗುವ ಕೋಣೆ ನೋಡಿ. ಮಗನಿಗೆ ಸ್ವಂತ ಬೀರು, ಅದರ ಕೀಲಿ ಅವನ ಹತ್ತಿರ ಇರುತ್ತದೆಯೇ? ರಾತ್ರಿ ಎಷ್ಟು ಜನಕ್ಕೆ ಒಬ್ಬ ಸಿಬ್ಬಂದಿ? ಮಾತ್ರೆ ಕೊಟ್ಟ ಸಮಯ ಬರೆದ ಪುಸ್ತಕ ಎಲ್ಲಿ? ಅವನ ಮಾಸಾಶನದ ಪಾಸ್‌ಬುಕ್ ಯಾರ ಬಳಿ ಇರುತ್ತದೆ? ಹೇಳದೆ ಬಂದು ನೋಡಬಹುದೇ? ಬೇರೆ ಧರ್ಮದವರು ಪೂಜೆ, ಪ್ರಾರ್ಥನೆಗೆ ಕೂರದಿದ್ದರೆ ಪರವಾಗಿಲ್ಲವೇ? ಕೊನೆಯದಾಗಿ, ಅಲ್ಲಿರುವವರು ದೂರು ಹೇಳಬೇಕೆಂದರೆ ಸಂಸ್ಥೆಯ ಹೊರಗಿನ ಒಬ್ಬರ ಫೋನ್ ನಂಬರ್ ಗೋಡೆಯ ಮೇಲಿದೆಯೇ?

ಸಂಸ್ಥಾಪಕರು ಸಂತರಂಥವರು ಎಂಬುದನ್ನು ಭರವಸೆಯೆಂದು ತಿಳಿಯಬೇಡಿ. ಫ್ರಾನ್ಸಿನಲ್ಲಿ 1964ರಲ್ಲಿ ಶುರುವಾದ ಲಾರ್ಶ್, ಬೌದ್ಧಿಕ ನ್ಯೂನತೆಯವರೂ ಇಲ್ಲದವರೂ ಒಂದೇ ಸೂರಿನಡಿ ಬಾಳುವ ದೊಡ್ಡ ಪ್ರಯೋಗ. 1970ರಲ್ಲಿ ಬೆಂಗಳೂರಿನಲ್ಲೂ ಅದರ ಆಶಾ ನಿಕೇತನ ತೆರೆಯಿತು. ಹಲವು ಧರ್ಮದವರು ಕೂಡಿ ಬಾಳುವ ಮನೆ ಅದು. ಆದರೆ ಸಂಸ್ಥಾಪಕ ಜಾನ್ ವಾನ್ಯೇ ವಯಸ್ಕ ಮಹಿಳೆಯರನ್ನು ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಲೈಂಗಿಕವಾಗಿ ದುರ್ಬಳಕೆ ಮಾಡಿದ್ದರೆಂದು, ಅವರು ತೀರಿಕೊಂಡ ಮರುವರ್ಷ 2020ರಲ್ಲಿ, ಲಾರ್ಶ್ ತಾನೇ ಮಾಡಿಸಿದ ತನಿಖೆ ಹೇಳಿತು. ತನಿಖೆ ಮಾಡಿಸಿ ಪ್ರಕಟಿಸಿದ್ದು ಸಂಸ್ಥೆಯ ಗಟ್ಟಿತನ. ನೀವು ನೋಡುವ ಮನೆಗೂ ಅಂಥ ಲಿಖಿತ ರಕ್ಷಣಾ ನಿಯಮ ಇದೆಯೇ ಎಂದು ಕೇಳಿ. ತಕ್ಷಣ ಪೂರ್ತಿ ಬಿಡಬೇಡಿ. ಮೊದಲು ಎರಡು ರಾತ್ರಿ, ಆಮೇಲೆ ಒಂದು ವಾರ, ಆಮೇಲೆ ಒಂದು ತಿಂಗಳು ಇರಿಸಿ ನೋಡಿ.

ತಮ್ಮನಿಗೆ ಮಾನಸಿಕ ಕಾಯಿಲೆ. ದರ್ಗಾದಲ್ಲಿ 40 ದಿನ ಇರಿಸಿದರೆ ಗುಣವಾಗುತ್ತೆ ಅಂತಾರೆ. ಮಾತ್ರೆ ನಿಲ್ಲಿಸಬೇಕಂತೆ.
ಅಕ್ಕ, ವಿಜಯಪುರ

ದರ್ಗಾಕ್ಕೆ ಹೋಗಿ, ಮಾತ್ರೆ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಕಾಯಿಲೆ ಮರಳಿ ಕೆರಳುತ್ತದೆ. ಫಿಟ್ಸ್ ಮಾತ್ರೆಯಾದರೆ ಜೀವಕ್ಕೇ ಅಪಾಯ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಮು ನಿಷೇಧಿಸಿದೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ ರೋಗಿಗಳನ್ನು ಪಕ್ಕದ ವೈದ್ಯರ ಕೋಣೆಗೆ ಕಳಿಸುವ "ದವಾ–ದುವಾ" ಪದ್ಧತಿ ಇದೆ. ದುವಾ (ಪ್ರಾರ್ಥನೆ) ಮಾಡುವವರೇ ದವಾ (ಔಷಧ) ತಗೋ ಎಂದರೆ ಮನೆಯವರು ಕೇಳುತ್ತಾರೆ. ನಿಮ್ಮಲ್ಲಿನ ಮುಜಾವರರಿಗೂ ಇದನ್ನು ಹೇಳಿ ನೋಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಚೀಟಿಯನ್ನು ಜೊತೆಗೇ ಇಟ್ಟುಕೊಳ್ಳಿ.

"ದಿವ್ಯಾಂಗ" ಅನ್ನಬೇಕೋ, "ಅಂಗವಿಕಲ" ಅನ್ನಬೇಕೋ?
ಶಿಕ್ಷಕಿ, ಕೊಪ್ಪಳ

ಎದುರಿಗಿರುವವರನ್ನೇ ಕೇಳಿ. 2019ರ ಜಿನೀವಾ ಪರಿಶೀಲನೆಯಲ್ಲಿ "ದಿವ್ಯಾಂಗ" ಪದ ವಿವಾದಾಸ್ಪದವೆಂದು ಸಮಿತಿಯೂ ಗುರುತಿಸಿತ್ತು. ಕರ್ನಾಟಕದ ಇಲಾಖೆಯ ಹೆಸರಿನಲ್ಲಿರುವುದು "ವಿಕಲಚೇತನ". ಚೇತನಕ್ಕೆ ಏನು ವಿಕಲವಾಗಿದೆ ಎಂದು ಅದಕ್ಕೂ ತಕರಾರಿದೆ. ನಾವು ಕಾಯ್ದೆಯ ಕನ್ನಡದಂತೆ ಅಂಗವಿಕಲ ಎಂದು ಬರೆಯುತ್ತೇವೆ.

ನಾನು ಅಂಧ. ವಚನ, ದಾಸರ ಪದ, ಧರ್ಮಗ್ರಂಥಗಳನ್ನು ಸಂಸ್ಥೆಗಳು ಪಿಡಿಎಫ್ ಕಳಿಸುತ್ತವೆ, ಫೋನು ಓದುವುದೇ ಇಲ್ಲ.
ಓದುಗರು, ಶಿವಮೊಗ್ಗ

ಎರಡು ಕಾರಣ ಇರಬಹುದು. ಪುಟಗಳ ಫೋಟೊ ತೆಗೆದು ಮಾಡಿದ ಪಿಡಿಎಫ್ ಆದರೆ ಅದರಲ್ಲಿ ಅಕ್ಷರವೇ ಇಲ್ಲ, ಚಿತ್ರ ಮಾತ್ರ. ಇಲ್ಲವೇ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಅದು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಹಾಗಾಗಿ ಪರದೆಯ ಅಕ್ಷರ ಓದಿ ಹೇಳುವ ತಂತ್ರಾಂಶ (ಸ್ಕ್ರೀನ್ ರೀಡರ್) ಅರ್ಥವಿಲ್ಲದ್ದನ್ನು ಓದುತ್ತದೆ. ಪ್ರಕಾಶಕರಿಗೆ ಹೀಗೆ ಬರೆಯಿರಿ: ಮೂಲ ಕಡತವನ್ನು ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ತಿದ್ದಿ, ವರ್ಡ್ ಅಥವಾ ಇಪಬ್ ರೂಪದಲ್ಲಿ, ಅಧ್ಯಾಯದ ತಲೆಬರಹಗಳಿಗೆ ಹೆಡಿಂಗ್ ಶೈಲಿ ಕೊಟ್ಟು ಕಳಿಸಿ. ಬ್ರೈಲ್ ಮುದ್ರಣಕ್ಕೂ ಅದೇ ಕಡತ ಸಾಕಾಗುತ್ತದೆ. ಹಕ್ಕುಸ್ವಾಮ್ಯದ ನೆಪ ಹೇಳಿದರೆ ಒಪ್ಪಬೇಡಿ. ಓದಲಾಗದವರಿಗಾಗಿ ರೂಪ ಬದಲಿಸಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ, ಈ ಕುರಿತ 2013ರ ಮರಾಕೇಶ್ ಒಪ್ಪಂದವನ್ನು ಮೊದಲು ಸ್ಥಿರೀಕರಿಸಿದ ದೇಶವೂ ನಮ್ಮದೇ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಸದಸ್ಯರಾಗಿದ್ದರೆ ಬೇಕಾದ ಪುಸ್ತಕವನ್ನು ಅಲ್ಲಿಯೂ ಹುಡುಕಿ ನೋಡಿ.